ನೀರಿನಲ್ಲಿ ನಿಂತ ಕಳ್ಳಿ

ಕಳ್ಳಿ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಬಿಸಿಲು. ಜತ್ತ, ರಾಯದುರ್ಗ, ಮಡಕಶಿರಾ ಸೀಮೆಗಳ ಒಣ ಹೊಲಗಳ ಬದುಗಳಲ್ಲಿ, ಮತ್ತಾವ ಗಿಡವೂ ಬದುಕಲೊಲ್ಲದ ಕಲ್ಲುನೆಲದಲ್ಲಿ ಬೇಲಿಯಾಗಿ ನಿಂತಿರುವ ಗಿಡವದು. (ಪಾಪಾಸುಕಳ್ಳಿಯ ಮಾತು ಬೇರೆ. ಹೆಸರಿನಲ್ಲಿ ಕಳ್ಳಿ ಇದ್ದರೂ ಅದು ಅಮೆರಿಕದಿಂದ ಬಂದ ಬೇರೊಂದು ವಂಶದ್ದು.) ಇಂಥ ಕಳ್ಳಿಗೆ ನೀರಿನಲ್ಲಿಯೇ ಕಾಲಿಟ್ಟುಕೊಂಡು ಬಾಳುವ ಒಡಹುಟ್ಟೊಂದು ಇದೆಯೆಂದರೆ ಓದುಗರಿಗೆ ಸೋಜಿಗವೆನಿಸಬಹುದು.

ಯೂರೋಪಿನ ದೊಡ್ಡ ನದಿಗಳ ದಡದ ಜವುಗು ಹುಲ್ಲುಗಾವಲುಗಳೇ ಇದರ ತವರು. ಸಸ್ಯಶಾಸ್ತ್ರಜ್ಞ ಲಿನೇಯಸನು 1753ರಲ್ಲಿ ಇದಕ್ಕೆ ‘ಯುಫೋರ್ಬಿಯ ಪಲುಸ್ಟ್ರಿಸ್’ ಎಂದು ಹೆಸರಿಟ್ಟನು. ಪಲುಸ್ಟ್ರಿಸ್ ಎಂದರೆ ಜವುಗಿನಲ್ಲಿರುವುದು ಎಂದರ್ಥ. ಇದಕ್ಕೆ ಮುಳ್ಳಿಲ್ಲ, ಉಬ್ಬಿದ ಕಾಂಡವೂ ಇಲ್ಲ. ಪ್ರತಿವರ್ಷ ಬೇರಿನಿಂದ ಚಿಗುರಿ, ಒಂದು ಮೀಟರಿನವರೆಗೆ, ಕೆಲವೊಮ್ಮೆ ಅದಕ್ಕೂ ಮೀರಿ ಬೆಳೆಯುತ್ತದೆ. ಮೇ ಜೂನ್ ತಿಂಗಳುಗಳಲ್ಲಿ ತುದಿಯೆಲ್ಲ ಹಸಿರುಮಿಶ್ರಿತ ಹಳದಿ ಬಣ್ಣಕ್ಕೆ ತಿರುಗುತ್ತದೆ. ಶರತ್ಕಾಲದಲ್ಲಿ ಎಲೆಗಳು ಕೆಂಪೇರುತ್ತವೆ.

ಇಷ್ಟೊಂದು ಭಿನ್ನವಾದ ಗಿಡ ನಮ್ಮ ಕಳ್ಳಿಗೆ ನಂಟಾದುದು ಹೇಗೆ? ಎರಡು ಗುರುತುಗಳಿವೆ. ಮೊದಲನೆಯದು ಹೂವು. ನಾವು ಒಂದು ಹೂವೆಂದು ತಿಳಿಯುವುದು ವಾಸ್ತವವಾಗಿ ಪುಟ್ಟ ಬಟ್ಟಲು. ಅದರ ನಡುವೆ ಒಂದೇ ಹೆಣ್ಣುಹೂವು, ಸುತ್ತಲೂ ಒಂದೊಂದು ಕೇಸರವಷ್ಟೇ ಇರುವ ಹಲವು ಗಂಡುಹೂಗಳು. ನಮ್ಮ ಬೇಲಿಗಳ್ಳಿಯಲ್ಲಿಯೂ ಅಂಗಳದಲ್ಲಿ ಕಳೆಯಾಗಿ ಹಬ್ಬುವ ಅಚ್ಚೆಗಿಡದಲ್ಲಿಯೂ ಇದೇ ರಚನೆ.

ಎರಡನೆಯದು ಹಾಲು. ಕಾಂಡವನ್ನು ಮುರಿದೊಡನೆ ಬೆಳ್ಳಗೆ ಒಸರುವ ಈ ರಸವನ್ನು ಕಂಡು ಜರ್ಮನರು ಗಿಡಕ್ಕೆ ‘ತೋಳದ ಹಾಲು’ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಹಸುವಿನ ಹಾಲಿನಂತೆ ಕಂಡರೂ ನಂಬತಕ್ಕದ್ದಲ್ಲವೆಂಬ ಎಚ್ಚರಿಕೆ ಆ ಹೆಸರಿನಲ್ಲಿದೆ ಎಂದು ನನಗೆ ತೋರುತ್ತದೆ. ಚರ್ಮಕ್ಕೆ ತಗುಲಿದರೆ ಉರಿ, ಬೊಕ್ಕೆ. ಕಣ್ಣಿಗೆ ಸಿಡಿದರಂತೂ ದೃಷ್ಟಿಗೇ ಅಪಾಯ. ಬೇಲಿಯ ಬಳಿ ಆಡುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ನೆನಪಿಡಬೇಕು. ಕಳ್ಳಿಹಾಲು ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧವಾದ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ದನಗಳು ಮುಟ್ಟದ ಗಿಡ ನಶಿಸುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ನೀರಿನಲ್ಲಿದೆ. ಕಾಯಿ ಒಣಗಿ ಸಿಡಿದು ಬೀಜ ಚೆಲ್ಲಿದ ಮೇಲೆ ಅದನ್ನು ದೂರ ಒಯ್ಯುವುದು ನೆರೆಯ ನೀರು. ಹಿಂದೆ ರೈನ್ ನದಿ ಬಯಲಿನಲ್ಲಿ ಮನಬಂದಂತೆ ಸುತ್ತಿಸುಳಿದು ಹರಿಯುತ್ತಿತ್ತು. ಎಂಜಿನಿಯರ್ ಯೋಹಾನ್ ಗಾಟ್‌ಫ್ರೀಡ್ ಟುಲ್ಲಾನ ಯೋಜನೆಯಂತೆ 1817ರಲ್ಲಿ ಅದನ್ನು ನೇರಗೊಳಿಸುವ ಕಾರ್ಯ ಆರಂಭವಾಗಿ, ಅವನ ಮರಣಾನಂತರ 1876ರಲ್ಲಿ ಮುಗಿಯಿತು. ಬಾಸೆಲ್ ಮತ್ತು ಬಿಂಗೆನ್ ಪಟ್ಟಣಗಳ ನಡುವೆ ನದಿಯ ಉದ್ದ 81 ಕಿಲೋಮೀಟರಿನಷ್ಟು ಕುಗ್ಗಿತು. ಟುಲ್ಲಾನನ್ನು ದೂರುವಂತಿಲ್ಲ. ನೆರೆಗೆ ಹಳ್ಳಿಗಳೇ ಕೊಚ್ಚಿಹೋಗುತ್ತಿದ್ದ ಕಾಲವದು; ಮಲೇರಿಯದ ಕಾಟವೂ ಇತ್ತು. ಜನರಿಗೆ ನೆಮ್ಮದಿ ದೊರೆಯಿತು, ಜವುಗು ಮಾತ್ರ ಒಣಗಿತು. ಒಣಗಿದ ನೆಲಕ್ಕೆ ನೇಗಿಲು ಬಂದಿತು.

ನೀರಿನಷ್ಟೇ ಕುಡುಗೋಲೂ ಈ ಹುಲ್ಲುಗಾವಲುಗಳಿಗೆ ಬೇಕು. ಕಾಸರಗೋಡಿನ ಕಡೆ ಹಟ್ಟಿಗೆ ಸೊಪ್ಪು, ತರಗೆಲೆ ಹಾಸುವಂತೆ, ಅಲ್ಲಿನ ಒಕ್ಕಲಿಗರು ಜವುಗಿನ ಒರಟು ಹುಲ್ಲನ್ನು ವರ್ಷಕ್ಕೊಮ್ಮೆ, ಗಿಡಗಳೆಲ್ಲ ಬೀಜ ಉದುರಿಸಿದ ಮೇಲೆ, ಕೊಯ್ದು ಕೊಟ್ಟಿಗೆಗೆ ಹಾಸುತ್ತಿದ್ದರು. ಆ ರೂಢಿ ತಪ್ಪಿದೊಡನೆ ಕೆಲವೆಡೆ ಗೊಬ್ಬರ ಸುರಿದು ವರ್ಷಕ್ಕೆ ಹಲವು ಸಲ ಹುಲ್ಲು ಕೊಯ್ಯತೊಡಗಿದರು. ಅಲ್ಲಿ ಬೀಜ ಕಟ್ಟುವುದಕ್ಕೆ ಅವಕಾಶವೇ ಉಳಿಯಲಿಲ್ಲ. ಮತ್ತೆ ಕೆಲವೆಡೆ ಕೊಯ್ಯುವುದನ್ನೇ ಬಿಟ್ಟುದರಿಂದ ಪೊದೆಗಳೆದ್ದು ಗಾವಲೇ ಮುಚ್ಚಿಹೋಯಿತು.

ಇಂದು ಜರ್ಮನಿಯಲ್ಲಿ ಇದು ಕಾನೂನಿನ ವಿಶೇಷ ರಕ್ಷಣೆ ಪಡೆದ ಸಸ್ಯ. ಕಾಡಿನ ಗಿಡವನ್ನು ಕೀಳುವುದು, ಅಗೆಯುವುದು ಅಪರಾಧ. ವಿಚಿತ್ರವೆಂದರೆ, ಇದೇ ಗಿಡ ಯೂರೋಪಿನ ತೋಟಗಾರರಿಗೆ ಅಚ್ಚುಮೆಚ್ಚು. ಸಸ್ಯಾಗಾರಗಳಲ್ಲಿ ಬೆಳೆಸಿ ಮಾರುತ್ತಾರೆ. ಹಣ ಕೊಟ್ಟರೆ ಕುಂಡದಲ್ಲಿ ದೊರೆಯುವ ಗಿಡ ಹೊಳೆಯ ದಡದಲ್ಲಿ ಹುಡುಕಿದರೂ ಸಿಗದಿರಬಹುದು. ಆದರೆ ಕುಂಡದ ಗಿಡವನ್ನು ತಂದು ನೆಟ್ಟಮಾತ್ರಕ್ಕೆ ಗಾವಲು ಮರಳುವುದಿಲ್ಲವಷ್ಟೆ.

ಹೆಸ್ಸೆ ಪ್ರಾಂತದಲ್ಲಿ ರೈನ್ ದಡದ ಕ್ಯೂಕೊಪ್ಫ್ ಎಂಬಲ್ಲಿ 1983ರ ನೆರೆಗೆ ಒಡ್ಡುಗಳು ಒಡೆದವು. ಅವನ್ನು ಮತ್ತೆ ಕಟ್ಟದೆ, ಬೇಸಾಯವನ್ನೇ ಕೈಬಿಟ್ಟು, ನದಿಗೆ ಅದರ ಜಾಗವನ್ನು ಮರಳಿಸಿದರು. ಅದೇ ಪ್ರಾಂತದ ನದೀಬಯಲಿನಲ್ಲಿ ಮತ್ತೊಂದು ಉಪಾಯವನ್ನೂ ಮಾಡಿದ್ದಾರೆ. ಗೊಬ್ಬರದಿಂದ ಕೊಬ್ಬಿದ ಮೇಲ್ಮಣ್ಣನ್ನು ಕೆರೆದು ತೆಗೆದು, ಉಳಿದಿರುವ ಹಳೆಯ ಗಾವಲುಗಳಿಂದ ಬೀಜಸಹಿತವಾಗಿ ಕೊಯ್ದ ಹುಲ್ಲನ್ನು ತಂದು ಅಲ್ಲಿ ಹರಡುವುದು. ತಡವಾಗಿ ಕೊಯ್ಯಲು ಒಪ್ಪುವ ರೈತನಿಗೆ, ಆಗುವ ನಷ್ಟಕ್ಕೆ ಪ್ರತಿಯಾಗಿ, ಸರಕಾರ ಕರಾರಿನ ಮೇಲೆ ಹಣ ಕೊಡುವ ಏರ್ಪಾಡೂ ಜರ್ಮನಿಯಲ್ಲಿದೆ.