ರಾಗಿ ಬೀಜಕ್ಕೆ ದುಡ್ಡು ಹಾಕುವವರು ಯಾರು?

ಮುಂಬೈಯ ಅಂಗಡಿಯಲ್ಲಿ ನೀವು ‘ನಾಚಣಿ’ ಎಂದು ಕೇಳಬೇಕು, ಚೆನ್ನೈಯಲ್ಲಿ ‘ಕೇಳ್ವರಗು’, ದೆಹಲಿಯಲ್ಲಿ ‘ಮಂಡುವಾ’. ಹೆಸರು ಯಾವುದಾದರೇನು, ಮನೆಗೆ ಬರುವುದು ನಮ್ಮ ರಾಗಿಹಿಟ್ಟೇ. ಸರಕಾರ ಸಂಶೋಧನೆಗೆ ಹಾಕುವ ಹಣದಿಂದ ದೇಶದ ಆದಾಯ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಆ ಹಿಟ್ಟಿನ ಡಬ್ಬಿಯಲ್ಲೇ ಒಂದು ಉತ್ತರವಿದೆ.

ಮಂಡ್ಯದ ವಿ.ಸಿ. ಫಾರಂ ಸರಕಾರಿ ಹಣದಿಂದ ನಡೆಯುವ ಸಂಶೋಧನಾ ಕೇಂದ್ರ. ಅಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. 1960ರ ದಶಕದಲ್ಲಿ ಅವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಹೊಸ ತಳಿಗಳನ್ನು ಬೆಳೆಸಲು ಹೊರಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಕೂಡಿ ‘ಇಂಡಾಫ್’ ಆಯಿತು. ಕೇಳಲು ಸುಲಭ. ಆದರೆ ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಗಂಡು, ಹೆಣ್ಣು ಎರಡೂ ಅದರೊಳಗೇ ಇದ್ದು ಸಾಮಾನ್ಯವಾಗಿ ತಾನೇ ಕಾಳು ಕಟ್ಟಿಕೊಳ್ಳುತ್ತದೆ. ಅದಕ್ಕೆ ಹೊರಗಿನ ಪರಾಗ ಮುಟ್ಟಿಸುವುದು ಬಹಳ ತಾಳ್ಮೆ ಬೇಡುವ ಕೆಲಸ. ಒಂದು ತಳಿ ನಿಲ್ಲಲು ವರ್ಷಗಟ್ಟಲೆ ಬೆಳೆದು, ಆರಿಸಿ, ಬೇಡದ್ದನ್ನು ಎಸೆಯುತ್ತಾ ಹೋಗಬೇಕು.

ಈ ಕೆಲಸವನ್ನು ಖಾಸಗಿ ಕಂಪನಿ ಏಕೆ ಮಾಡಲಿಲ್ಲ? ಲಾಭವಿಲ್ಲ, ಅಷ್ಟೆ. ಹೈಬ್ರಿಡ್ ಜೋಳದ ಬೀಜವನ್ನು ರೈತ ಪ್ರತಿ ವರ್ಷ ಕೊಳ್ಳಲೇಬೇಕು. ಎತ್ತಿಟ್ಟ ಕಾಳಿಗೆ ಮೊದಲ ಕಸುವಿರುವುದಿಲ್ಲ. ರಾಗಿ ಹಾಗಲ್ಲ. ಒಮ್ಮೆ ಒಳ್ಳೆಯ ಬೀಜ ಸಿಕ್ಕಿದರೆ ರೈತ ತನ್ನ ಬೆಳೆಯಿಂದಲೇ ಮುಂದಿನ ಬಿತ್ತನೆಗೆ ತೆಗೆದಿಡುತ್ತಾನೆ, ನೆಂಟರಿಗೂ ನಾಲ್ಕು ಸೇರು ಕೊಡುತ್ತಾನೆ. ಹಣ ಹಾಕಿದವರಿಗೆ ಅದು ಮರಳುವುದಿಲ್ಲ, ಊರಿಗೆಲ್ಲ ಹಂಚಿಹೋಗುತ್ತದೆ. ಅರ್ಥಶಾಸ್ತ್ರಜ್ಞರು ಇಂಥ ಕಡೆಯೇ ಸರಕಾರದ ದುಡ್ಡು ಬೇಕು ಎನ್ನುವುದು.

ಫಲವೇನು? 1950ರ ದಶಕದಿಂದೀಚೆಗೆ ದೇಶದಲ್ಲಿ ರಾಗಿ ಬಿತ್ತುವ ಭೂಮಿ ಅರ್ಧಕ್ಕೂ ಇಳಿಯಿತು. ಹೆಕ್ಟೇರಿನ ಇಳುವರಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಗೊಬ್ಬರದ ಪಾಲೂ ಇದರಲ್ಲಿದೆ, ಎಲ್ಲ ಕೀರ್ತಿ ಬೀಜಕ್ಕೇ ಕೊಡಲಾಗದು. ಆದರೂ ಅದೇ ಹೊಲದಿಂದ ಹೆಚ್ಚು ಕಾಳು, ಉಳಿದ ಹೊಲದಲ್ಲಿ ಬೇರೆ ಬೆಳೆ: ಬೆಳವಣಿಗೆ ಎಂದರೆ ಇದೇ ತಾನೆ?

ಈಗಿನ ಲೆಕ್ಕಕ್ಕೆ ಬನ್ನಿ. 2020-21ರಲ್ಲಿ ಭಾರತ ಸಂಶೋಧನೆಗೆ ಒಟ್ಟು ಸುಮಾರು 1.27 ಲಕ್ಷ ಕೋಟಿ ರೂಪಾಯಿ ಖರ್ಚು ಮಾಡಿತು. ದೊಡ್ಡ ಮೊತ್ತವೆನಿಸಿದರೂ ಅದು ದೇಶದ ಒಟ್ಟು ಉತ್ಪನ್ನದ ಶೇ. 0.64 ಮಾತ್ರ. ಚೀನಾದಲ್ಲಿ ಇದು ಶೇ. 2ಕ್ಕೂ ಹೆಚ್ಚು, ದಕ್ಷಿಣ ಕೊರಿಯಾದಲ್ಲಿ ಶೇ. 4ಕ್ಕೂ ಹೆಚ್ಚು. ಅಲ್ಲಿ ಕಂಪನಿಗಳೇ ಮುಂದೆ; ನಮ್ಮಲ್ಲಿ ಅರ್ಧಕ್ಕೂ ಮೀರಿದ ಭಾರ ಸರಕಾರದ್ದು.

ಕಂಪನಿಗಳನ್ನು ಎಳೆತರಲೆಂದು 2025ರ ಜುಲೈಯಲ್ಲಿ ಕೇಂದ್ರ ಸಂಪುಟ 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಡಿಮೆ ಬಡ್ಡಿಯ ಅಥವಾ ಬಡ್ಡಿಯೇ ಇಲ್ಲದ ದೀರ್ಘಾವಧಿ ಸಾಲ ಅದರಲ್ಲಿ ಮುಖ್ಯ. ಬ್ಯಾಟರಿ, ಔಷಧಿಯಂಥ ಮಾರುವ ಸರಕಿಗೆ ಇದು ಸರಿ. ಆದರೆ ರೈತರು ಕೈಯಿಂದ ಕೈಗೆ ಹಂಚಿಕೊಳ್ಳುವ ರಾಗಿ ಬೀಜವನ್ನು ಮಾರಿ ಸಾಲ ತೀರಿಸುವವರು ಯಾರು? ಆ ಕೆಲಸ ಇನ್ನೂ ವಿ.ಸಿ. ಫಾರಂನಂಥ ಕಡೆಯೇ ನಡೆಯಬೇಕು, ಅದೂ ವರ್ಷ ವರ್ಷದ ಬಜೆಟ್ಟಿನಲ್ಲೇ.