ದುರ್ಗದ ಅರ್ಕಾವತ್ತು

‘ಚಿತ್ರದುರ್ಗ’ ಎಂದು ಮೊದಲ ಸಲ ಬರೆಯುವ ಮಗುವಿಗೆ ಎರಡು ರಕಾರಗಳು ಎದುರಾಗುತ್ತವೆ. ‘ತ್ರ’ದಲ್ಲಿ ತಕಾರದ ನಂತರ ಕೇಳುವ ರಕಾರ ಒತ್ತಾಗಿ ಕೆಳಗಿಳಿಯುತ್ತದೆ. ‘ರ್ಗ’ದಲ್ಲಿ ಮೊದಲು ಕೇಳುವ ರಕಾರವನ್ನು ಗಕಾರ ಬರೆದಾದ ಮೇಲೆ ಅದರ ಬಲಕ್ಕೆ ಇಡಬೇಕು. ಹೊಳಲ್ಕೆರೆ ಬರೆಯುವಾಗ ಈ ತೊಡಕಿಲ್ಲ; ಮೊದಲು ನುಡಿದ ಲಕಾರ ಮೇಲೆ, ಕಕಾರ ಅದರ ಕೆಳಗೆ. ಹಿರಿಯೂರಿಗೆ ಒತ್ತೇ ಬೇಡ. ಹೊಸದುರ್ಗಕ್ಕೆ ಬಂದರೆ ಮತ್ತೆ ಅದೇ ಚಿಹ್ನೆ.

ಶಾಲೆಯಲ್ಲಿ ಅದು ಅರ್ಕಾವತ್ತು, ವ್ಯಾಕರಣದಲ್ಲಿ ರೇಫ. ತೆಲುಗರು ವಲಪಲಗಿಲಕ ಎಂದರು. ‘ವಲಪಲ’ ಎಂದರೆ ಬಲಗಡೆ. ಇಂದಿನ ತೆಲುಗು ಬರಹ ಅದನ್ನು ಕೈಬಿಟ್ಟಿದೆ, ಕನ್ನಡ ಉಳಿಸಿಕೊಂಡಿದೆ.

ಈ ಜಿಲ್ಲೆಯ ಹಳೆಯ ಕಲ್ಲುಗಳ ಮುಂದೆ ನಿಂತರೆ ಬೇರೆಯೇ ಕಥೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನದಲ್ಲಿ ಸುವರ್ಣಗಿರಿ ‘ಸುವಂಣಗಿರಿ’ಯಾಗಿದೆ, ಆರ್ಯಪುತ್ರ ‘ಅಯಪುತ’ನಾಗಿದ್ದಾನೆ. ಪ್ರಾಕೃತದ ನಾಲಿಗೆಯಲ್ಲಿ ಆ ರಕಾರ ಕರಗಿಹೋಗಿತ್ತು. ಸುಮಾರು ಆರುನೂರು ವರ್ಷಗಳ ನಂತರ, ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮ ಕೆರೆಯ ಕೆಲಸ ಮಾಡಿಸಿ ಬಂಡೆಯ ಮೇಲೆ ಬರೆಸಿದ. ಅದೂ ಪ್ರಾಕೃತವೇ. ಅಲ್ಲಿ ಅವನು ‘ಮಯೂರಶಮ್ಮ’. ನಾವು ಅಷ್ಟು ಹೆಮ್ಮೆಯಿಂದ ಹೇಳುವ ಹೆಸರಿಗೆ ಅವನದೇ ಕಲ್ಲಿನಲ್ಲಿ ರೇಫವಿಲ್ಲ ಎಂಬುದು ನನ್ನನ್ನು ಬಹಳ ದಿನ ಕಾಡಿದೆ.

ಸಂಸ್ಕೃತ, ಕನ್ನಡ ಶಾಸನಗಳು ಬಂದಂತೆ ರೇಫವೂ ಬಂತು, ಅದೂ ಭರ್ಜರಿಯಾಗಿ: ರಕಾರದ ಮುಂದಿನ ಅಕ್ಷರವನ್ನು ಇಮ್ಮಡಿಸಿ ‘ಧರ್ಮ್ಮ’ ಎಂದು ಕೆತ್ತುತ್ತಿದ್ದರು. ಆರಂಭದಲ್ಲಿ ಅದು ಅಕ್ಷರದ ನೆತ್ತಿಯ ಮೇಲಿನ ಗೀಟು. ನಾಗರಿಯಲ್ಲಿ ಇಂದಿಗೂ ಅಲ್ಲೇ ಇದೆ. ನಮ್ಮ ಲಿಪಿಯಲ್ಲಿ ಮೆಲ್ಲನೆ ಬಲಕ್ಕೆ ಜಾರಿ, ಕೊನೆಗೆ ಕನ್ನಡದ ಒಂಬತ್ತನ್ನು (೯) ಹೋಲುವ ರೂಪ ತಾಳಿತು.

ಬ್ರಿಟಿಷರ ಕಾಲದಲ್ಲಿ ಊರಿನ ಹೆಸರೇ ‘ಚಿತಲ್‌ದ್ರೂಗ್’ ಆಯಿತು. ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ, ಈ ಜಿಲ್ಲೆಯ ಶಾಸನಗಳದು, ಹೊರಬಂದದ್ದು ಆ ಹೆಸರಿನಲ್ಲೇ. ಗಕಾರಕ್ಕೆ ಅಂಟಿದ್ದ ರಕಾರ ಹಿಂದಕ್ಕೆ ಸರಿದು ದಕಾರವನ್ನು ಸೇರಿತ್ತು.

ಈಗ ಯೂನಿಕೋಡ್. ‘ರ್ಯ’ ಎಂದು ಒತ್ತಿದರೆ ‘ಕಾರ್ಯ’ದಲ್ಲಿರುವಂತೆ ಅರ್ಕಾವತ್ತು ತಾನಾಗಿ ಮೂಡುತ್ತದೆ, ‘ರ‍್ಯಾಂಕ್’ ಬೇಕೆಂದರೆ ನಡುವೆ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಸೇರಿಸಬೇಕು. ಆದರೆ ಕಂಪ್ಯೂಟರಿನೊಳಗೆ ‘ದುರ್ಗ’ ಕಿವಿಗೆ ಕೇಳುವ ಕ್ರಮದಲ್ಲೇ ಇರುತ್ತದೆ: ದಕಾರ, ಕೊಂಬು, ರಕಾರ, ಅದರ ಅರ್ಧಾಕ್ಷರದ ಗುರುತು, ಕೊನೆಗೆ ಗಕಾರ. ಪರದೆಗೆ ಬರುವಾಗ ಮಾತ್ರ ರಕಾರ ಗಕಾರವನ್ನು ದಾಟಿ ಬಲಕ್ಕೆ ಹೋಗಿ ಕೂರುತ್ತದೆ.