ಭಾಗ್ಯಲಕ್ಷ್ಮಿ ಬಾಂಡು: ಬರುವುದೆಷ್ಟು, ತಪ್ಪುವುದೆಲ್ಲಿ?

ಒಣ ಬೇಸಾಯದವರ ಮನೆಯ ಟ್ರಂಕು ತೆಗೆದರೆ ಪಹಣಿ, ಸೊಸೈಟಿ ಸಾಲದ ಚೀಟಿಗಳ ಜತೆಗೆ ಮಗಳ ಭಾಗ್ಯಲಕ್ಷ್ಮಿ ಬಾಂಡೂ ಸಿಗುತ್ತದೆ. ಅದನ್ನು ಬಿಚ್ಚಿ ಓದಿದವರು ಕಡಿಮೆ. 'ಹದಿನೆಂಟಕ್ಕೆ ಲಕ್ಷ ಬರ್ತದಂತೆ' ಅನ್ನುವ ಒಂದೇ ಮಾತು ಊರೆಲ್ಲ ಓಡಾಡುತ್ತದೆ. ಆದರೆ ಎಲ್ಲರಿಗೂ ಲಕ್ಷ ಇಲ್ಲ. ಷರತ್ತು ತಪ್ಪಿದವರಿಗೆ ಏನೂ ಬರದೆ ಹೋಗಬಹುದು.

ರಾಜ್ಯ ಸರ್ಕಾರ ಈ ಯೋಜನೆ ಶುರು ಮಾಡಿದ್ದು 2006-07ರಲ್ಲಿ. ಬಿಪಿಎಲ್ ಕುಟುಂಬದಲ್ಲಿ 2006ರ ಮಾರ್ಚ್ 31ರ ನಂತರ ಹುಟ್ಟಿದ ಹೆಣ್ಣು ಮಗುವಿಗೆ ಇದು ಅನ್ವಯ, ಒಂದು ಮನೆಗೆ ಎರಡು ಹೆಣ್ಣು ಮಕ್ಕಳ ತನಕ. ಹುಟ್ಟಿದ ಒಂದು ವರ್ಷದೊಳಗೆ ಅಂಗನವಾಡಿ ಮೂಲಕ ಅರ್ಜಿ ಹಾಕಬೇಕು. ದುಡ್ಡು ತಂದೆ ತಾಯಿ ಕೈಗೆ ಬರುವುದಿಲ್ಲ, ಮಗಳ ಹೆಸರಿನಲ್ಲಿ ಠೇವಣಿ ಆಗುತ್ತದೆ.

ಮೂರು ಕಾಲ, ಮೂರು ಲೆಕ್ಕ

ಮೊದಲು ಬಾಂಡಿನಲ್ಲಿರುವ ಹುಟ್ಟಿದ ತಾರೀಕು ನೋಡಿ.

1. 2008ರ ಆಗಸ್ಟ್ 1ಕ್ಕಿಂತ ಮೊದಲು ಹುಟ್ಟಿದವರಿಗೆ ಸರ್ಕಾರ ಇಟ್ಟ ಠೇವಣಿ 10,000 ರೂಪಾಯಿ. ಇವರಿಗೆ 18 ತುಂಬಿದಾಗ ಬರುವುದು ಲಕ್ಷ ಅಲ್ಲ, ಅದರ ಅರ್ಧಕ್ಕೂ ಕಡಿಮೆ. ಮೊದಲ ತಂಡದ ಮಕ್ಕಳಿಗೆ 2024ರಲ್ಲಿ 18 ತುಂಬಿತು.

2. ಆ ತಾರೀಕಿನ ನಂತರ ಹುಟ್ಟಿದವರಲ್ಲಿ ಮೊದಲ ಮಗಳಿಗೆ 19,300, ಎರಡನೆಯವಳಿಗೆ 18,350 ರೂಪಾಯಿ ಠೇವಣಿ. 18 ವರ್ಷಕ್ಕೆ ಮೊದಲನೆಯವಳಿಗೆ 1,00,097, ಎರಡನೆಯವಳಿಗೆ 1,00,052 ರೂಪಾಯಿ ಅಂತ ಲೆಕ್ಕ. ಊರಲ್ಲಿ ಹೇಳುವ ಲಕ್ಷ ಇದೇ. ಈ ತಂಡದ ಮೊದಲ ಮಕ್ಕಳಿಗೆ 18 ತುಂಬುವುದು 2026ರ ಆಗಸ್ಟಿಗೆ.

3. 2020-21ರಿಂದ ಯೋಜನೆಯನ್ನು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಜೋಡಿಸಿದ್ದಾರೆ. ಸರ್ಕಾರ ವರ್ಷಕ್ಕೆ 3,000ದಂತೆ 15 ವರ್ಷ, ಒಟ್ಟು 45,000 ಕಟ್ಟುತ್ತದೆ. ಅವಧಿ ಮುಗಿಯುವುದು 21 ವರ್ಷಕ್ಕೆ. ಬಡ್ಡಿ ದರ ಏರಿಳಿಯುವುದರಿಂದ ಮೊತ್ತವೂ ಏರಿಳಿಯುತ್ತದೆ.

ಷರತ್ತು ಏನು?

ಮಗುವಿಗೆ ಲಸಿಕೆ ಹಾಕಿಸಿರಬೇಕು. ಅಂಗನವಾಡಿಗೆ ಸೇರಿಸಿರಬೇಕು. ದುಡಿಯಲು ಹಚ್ಚಬಾರದು. ಎಂಟನೇ ತರಗತಿ ತನಕವಾದರೂ ಓದಿರಬೇಕು. 18 ತುಂಬುವ ಮೊದಲು ಮದುವೆ ಆಗಿರಬಾರದು.

ಲಸಿಕೆ, ಅಂಗನವಾಡಿ ಹೇಗೋ ಆಗಿರುತ್ತವೆ. ನಮ್ಮಂಥ ಮಳೆ ನಂಬಿದವರಿಗೆ ಕಷ್ಟವಾಗುವುದು ಕೊನೆಯ ಎರಡು. ಮುಂಗಾರಿ ಕೈಕೊಟ್ಟರೆ, ಹಿಂಗಾರಿ ಜೋಳ, ಕಡಲೆಗೆ ಹಸಿ ಇಲ್ಲದಿದ್ದರೆ ದೀಪಾವಳಿ ಮುಗಿಯುತ್ತಲೇ ಗುಳೆ ಶುರು. ಕಬ್ಬು ಕಡಿಯಲಿಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟವರು ಬರುವುದು ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಶಾಲೆಯ ಅರ್ಧ ವರ್ಷ ಹೋಗಿರುತ್ತದೆ. ಚಿಕ್ಕ ಕೂಸನ್ನು ನೋಡಿಕೊಳ್ಳಲಿಕ್ಕೆ ಅಂತ ಕರೆದೊಯ್ದ ಹುಡುಗಿ ಆರಕ್ಕೋ ಏಳಕ್ಕೋ ಶಾಲೆ ಬಿಡುತ್ತಾಳೆ. ಆಮೇಲೆ 'ದೊಡ್ಡವಳಾದಳು, ಒಬ್ಬಳೇ ಹೇಗೆ ಬಿಡೋದು' ಅಂತ ಹದಿನಾರಕ್ಕೇ ಮದುವೆ ಮಾತು. ಅಲ್ಲಿಗೆ ಬಾಂಡೂ ಹೋಯಿತು, ಓದೂ ಹೋಯಿತು. 18ರೊಳಗಿನ ಮದುವೆ ಕಾನೂನಿನ ಪ್ರಕಾರ ಅಪರಾಧ, ಅದು ಬೇರೆ.

ಗುಳೆ ಹೋಗಲೇಬೇಕಾದರೆ ಹುಡುಗಿಯನ್ನು ಕರೆದೊಯ್ಯಬೇಕಿಲ್ಲ. ಶಿಕ್ಷಣದಲ್ಲಿ ಹಿಂದುಳಿದ ತಾಲೂಕುಗಳಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಂತ ಹೆಣ್ಣು ಮಕ್ಕಳ ವಸತಿ ಶಾಲೆಗಳಿವೆ. ಮೂಲದಲ್ಲಿ ಆರರಿಂದ ಎಂಟನೇ ತರಗತಿ ತನಕ ಅಂತಲೇ ಮಾಡಿದ್ದು. ಊಟ, ವಸತಿ ಉಚಿತ. ಬಾಂಡು ಕೇಳುವುದೂ ಎಂಟನೇ ತರಗತಿಯನ್ನೇ. ಐದನೇ ತರಗತಿ ಮುಗಿಯುವ ಹೊತ್ತಿಗೆ ಮುಖ್ಯ ಗುರುಗಳ ಹತ್ತಿರ ಇಲ್ಲವೇ ತಾಲೂಕಿನ ಬಿಇಓ ಕಚೇರಿಯಲ್ಲಿ ವಿಚಾರಿಸಿ.

ಕಾಗದ ಸರಿ ಇದೆಯೇ?

ಬಾಂಡು, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ - ಈ ನಾಲ್ಕರಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಇರಬೇಕು. ನಮ್ಮಲ್ಲಿ ತೊಟ್ಟಿಲಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು. 18 ತುಂಬಿದ ದಿನ ಓಡಾಡುವುದಕ್ಕಿಂತ ಎರಡು ವರ್ಷ ಮೊದಲೇ ತಿದ್ದಿಸಿಕೊಳ್ಳುವುದು ಸುಲಭ. ಮಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಿ. ಎಂಟನೇ ತರಗತಿ ಮುಗಿದ ವ್ಯಾಸಂಗ ಪ್ರಮಾಣಪತ್ರ ತೆಗೆದಿಡಿ. ಬಾಂಡು ಗೆದ್ದಲು ತಿಂದಿದ್ದರೆ, ಕಳೆದಿದ್ದರೆ ಈಗಲೇ ಸಿಡಿಪಿಓ ಕಚೇರಿಗೆ, ಅಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ತಿಳಿಸಿ. ಹಣದ ಅರ್ಜಿಯೂ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಅಲ್ಲಿಗೇ ಹೋಗುವುದು. ಮಧ್ಯದವರಿಗೆ ಕಾಸು ಕೊಟ್ಟು ಮಾಡಿಸುವ ಕೆಲಸ ಇದಲ್ಲ.

ದುಡ್ಡು ಯಾರದು?

ಲಕ್ಷ ಅಂದ ಕೂಡಲೆ ಕೆಲವರಿಗೆ ಬೋರು ಕೊರೆಸುವ ಆಸೆ, ಕೆಲವರಿಗೆ ಮದುವೆ ಖರ್ಚಿನ ಲೆಕ್ಕ. ಬೋರಿನಲ್ಲಿ ನೀರು ಬಿದ್ದರೆ ಬಿತ್ತು, ಬೀಳದಿದ್ದರೆ ದುಡ್ಡು ಭೂಮಿ ಪಾಲು. ಪಿಯುಸಿ ಮುಗಿಸಿದ ಹುಡುಗಿಗೆ ನರ್ಸಿಂಗ್, ಡಿಪ್ಲೊಮಾ, ಡಿಗ್ರಿ ಯಾವುದಕ್ಕಾದರೂ ಈ ದುಡ್ಡು ಮೊದಲ ವರ್ಷದ ಆಸರೆ. ಅವಳು ಕಲಿತದ್ದನ್ನು ಯಾವ ಬರಗಾಲವೂ ಕಿತ್ತುಕೊಳ್ಳುವುದಿಲ್ಲ. ಬಾಂಡಿನಲ್ಲಿರುವ ಹೆಸರು ಅವಳದು, ಹಣವೂ ಅವಳದೇ. ಅವಳನ್ನು ಕೇಳಿಯೇ ಖರ್ಚು ಮಾಡಬೇಕು.